ದೃಷ್ಟಿದೋಷವಿರುವ ಮಗುವಿಗೆ ಓದಲಾಗುವ ಪಾಠ ತಯಾರಿಸುವುದು ಹೇಗೆ: ಕೊಡಗಿನ ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

"ಪಿಡಿಎಫ್ ಕಳಿಸಿದ್ದೇನೆ, ಆದರೂ ಓದಿಲ್ಲ ಅಂತಾನೆ." ಕೊಡಗಿನ ಶಾಲೆಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಟೀಚರಿಗೆ ಮನಸ್ಸಿದೆ, ಹುಡುಗನಿಗೆ ಆಸೆಯಿದೆ, ಫೋನಿನಲ್ಲಿ ಫೈಲೂ ಇದೆ. ಆದರೆ ಫೋನು ಅದನ್ನು ಓದಿ ಹೇಳಲು ಹೊರಟರೆ ಬಾಯಿಂದ ಕನ್ನಡವೇ ಬರುವುದಿಲ್ಲ. ಇನ್ನೊಂದು ಕಡೆ ಬ್ರೈಲ್ ಪುಸ್ತಕ ಕೈಗೆ ಬರುವ ಹೊತ್ತಿಗೆ ಆ ಪಾಠ ಮುಗಿದು ಎರಡು ತಿಂಗಳಾಗಿರುತ್ತದೆ.

ಹೆಚ್ಚಿನವರು ಕೊನೆಯಿಂದ ಶುರು ಮಾಡುತ್ತಾರೆ. ಬ್ರೈಲ್ ಪ್ರಿಂಟರ್ ಎಲ್ಲಿದೆ, ಯಾವ ಆ್ಯಪ್ ಒಳ್ಳೆಯದು ಅಂತ ಹುಡುಕುತ್ತಾರೆ. ಅದು ಆಮೇಲಿನ ಮಾತು. ಮೊದಲು ಮಗು ಹೇಗೆ ಓದುತ್ತದೆ ಅಂತ ನೋಡಬೇಕು. ಆಮೇಲೆ ಪಾಠದ ಒಂದು ಶುದ್ಧ ಯುನಿಕೋಡ್ (ಫೋನು, ಕಂಪ್ಯೂಟರುಗಳು ಕನ್ನಡ ಅಂತಲೇ ಗುರುತಿಸುವ ಅಕ್ಷರ) ಫೈಲ್ ಮಾಡಬೇಕು. ದೊಡ್ಡಕ್ಷರ, ಬ್ರೈಲ್, ಧ್ವನಿ ಎಲ್ಲವೂ ಆ ಒಂದೇ ಫೈಲಿನಿಂದ ಹುಟ್ಟುತ್ತವೆ. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮೂರು ಸಲ ಮಾಡಬೇಕಾಗುತ್ತದೆ.

## ಕೈಯಲ್ಲಿ ಇರಬೇಕಾದದ್ದು

ಒಂದು ಕಂಪ್ಯೂಟರ್, ಅದರಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಒಂದು ಆ್ಯಂಡ್ರಾಯ್ಡ್ ಫೋನು. ಕಪ್ಪು ಮಾರ್ಕರ್, ಫೆವಿಕಾಲ್, ಗೋಣಿದಾರ, ಉಪ್ಪುಕಾಗದ, ದಪ್ಪ ರಟ್ಟು. ಮಗು ಬ್ರೈಲ್ ಓದುವುದಾದರೆ ಬ್ರೈಲ್ ಸ್ಲೇಟು, ಸ್ಟೈಲಸ್ (ಚುಕ್ಕಿ ಚುಚ್ಚುವ ಮೊನೆ) ಮತ್ತು ದಪ್ಪ ಕಾಗದ. ಲೆಕ್ಕಕ್ಕೆ ಟೇಲರ್ ಫ್ರೇಮ್ (ಬೆರಳಿನಿಂದ ಮುಟ್ಟಿ ಲೆಕ್ಕ ಮಾಡುವ ಹಲಗೆ) ಅಥವಾ ಅಬಾಕಸ್ (ಮಣಿಚೌಕಟ್ಟು).

ಸ್ಲೇಟು, ಫ್ರೇಮ್ ಇಂಥವನ್ನು ಕೈಯಿಂದ ದುಡ್ಡು ಹಾಕಿ ತರುವ ಮೊದಲು ತಾಲ್ಲೂಕಿನಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಟೀಚರನ್ನು ಕೇಳಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಿಗುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 17ನೇ ಕಲಮಿನಲ್ಲಿ ಈ ಮಾತು ನೇರವಾಗಿದೆ: ಶೇ 40 ಮತ್ತು ಅದಕ್ಕಿಂತ ಜಾಸ್ತಿ ಅಂಗವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಎಲ್ಲ ಉಚಿತ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಬರೆಯುವಾಗ ಕಲಮಿನ ಸಂಖ್ಯೆ ಹಾಕಿ. ಸುಮ್ನೆ "ದಯವಿಟ್ಟು" ಅಂತ ಬರೆದ ಪತ್ರಕ್ಕಿಂತ ಅದು ಬೇಗ ಓಡುತ್ತದೆ.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಅರ್ಜಿ ಹಾಕಿಸಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಆದರೆ ಕಾರ್ಡ್ ಬರಲಿ ಅಂತ ಪಾಠ ನಿಲ್ಲಿಸಬೇಡಿ. ಮುಂದಿನ ಹಂತಗಳಲ್ಲಿ ಹೆಚ್ಚಿನವಕ್ಕೆ ಕಾರ್ಡ್ ಬೇಕಾಗಿಲ್ಲ.

## ಹಂತ 1: ಮಗು ಹೇಗೆ ಓದುತ್ತದೆ ಅಂತ ನೋಡಿ

ಡಾಕ್ಟರ ಚೀಟಿಯಲ್ಲಿ ದೃಷ್ಟಿಯ ಅಳತೆ 6/60 ಅಂತ ಇರುತ್ತದೆ. ಅದರಿಂದ ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ಗೊತ್ತಾಗುವುದಿಲ್ಲ. ಅದನ್ನು ಶಾಲೆಯಲ್ಲೇ ನೋಡಬೇಕು.

ಮಗು ಓದಿರದ ನಾಲ್ಕು ಸಾಲನ್ನು 14, 18, 24, 32 ಪಾಯಿಂಟಿನಲ್ಲಿ (ಕಂಪ್ಯೂಟರಿನ ಅಕ್ಷರದ ಗಾತ್ರ) ಮುದ್ರಿಸಿ. ಕಿಟಕಿ ಪಕ್ಕ ಒಂದು ಸಲ, ಮಗು ಯಾವಾಗಲೂ ಕೂರುವ ಜಾಗದಲ್ಲಿ ಒಂದು ಸಲ ಓದಿಸಿ. ಜನವರಿಯ ಬಿಸಿಲಿನಲ್ಲಿ ಮಾತ್ರ ನೋಡಿ ತೀರ್ಮಾನಿಸಬೇಡಿ. ಜುಲೈಯಲ್ಲಿ ನಮ್ಮ ಕ್ಲಾಸ್‌ರೂಮುಗಳು ಮಧ್ಯಾಹ್ನ 12ಕ್ಕೇ ಸಂಜೆಯಂತಿರುತ್ತವೆ. ಬಿಸಿಲಿನಲ್ಲಿ 18 ಪಾಯಿಂಟ್ ಓದಿದ ಮಗುವಿಗೆ ಮಳೆಗಾಲದಲ್ಲಿ 24 ಬೇಕಾಗಬಹುದು, ಇಲ್ಲವೇ ಒಂದು ಟೇಬಲ್ ಲ್ಯಾಂಪ್ ಸಾಕಾಗಬಹುದು.

ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ಓದಿಸಿ. ಮೊದಲ ಸಲ ಚೆನ್ನಾಗಿ ಓದಿ, ಎರಡನೇ ಸಲ ಸಾಲು ತಪ್ಪಿದರೆ, ಕಣ್ಣಲ್ಲಿ ನೀರು ಬಂದರೆ, ಅರ್ಧ ಪದ ನೋಡಿ ಉಳಿದದ್ದು ಊಹಿಸಿದರೆ, ಆ ಗಾತ್ರ ಸಾಲದು ಅಂತ ಅರ್ಥ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೆ ಬೈಯುವುದು. ಕಡಿಮೆ ದೃಷ್ಟಿಯ ಮಗುವಿಗೆ ಹತ್ತಿರ ಹಿಡಿಯುವುದೇ ಭೂತಗನ್ನಡಿ. ಅದರಿಂದ ಕಣ್ಣು ಹಾಳಾಗುವುದಿಲ್ಲ. ಕತ್ತು ಬಗ್ಗದಂತೆ ಇಳಿಜಾರಾದ ಹಲಗೆ ಕೊಡಿ, ಸಾಕು. ಎರಡು, ಎಲ್ಲರಿಗೂ ದೊಡ್ಡಕ್ಷರ ಕೊಡುವುದು. ರೆಟಿನೈಟಿಸ್ ಪಿಗ್ಮೆಂಟೋಸಾದಂಥ ತೊಂದರೆಯಿದ್ದು ನೋಟ ಕೊಳವೆಯಂತೆ ಕಿರಿದಾಗಿರುವ ಮಗುವಿಗೆ ಅಕ್ಷರ ದೊಡ್ಡದಾದಷ್ಟೂ ಕಷ್ಟ ಜಾಸ್ತಿ. ಕಾಣುವ ಆ ಚಿಕ್ಕ ಕಿಂಡಿಯಲ್ಲಿ ಎರಡೇ ಅಕ್ಷರ ಹಿಡಿಸುತ್ತವೆ. ಅಂಥ ಮಗುವಿಗೆ ಮಧ್ಯಮ ಗಾತ್ರ, ಕಡುಕಪ್ಪು ಅಕ್ಷರ, ಜೊತೆಗೆ ಈಗಿನಿಂದಲೇ ಬ್ರೈಲ್ ಕಲಿಕೆ ಬೇಕು.

## ಹಂತ 2: ಪೂರ್ತಿ ಪುಸ್ತಕ ಬೇಡ, ಮುಂದಿನ ಪಾಠ ಹಿಡಿಯಿರಿ

ಇಡೀ ಸಮಾಜ ವಿಜ್ಞಾನ ಪುಸ್ತಕ ತಯಾರು ಮಾಡುತ್ತೇನೆ ಅಂತ ಹೊರಟವರು ಆಗಸ್ಟಿನಲ್ಲಿ ಕೈಬಿಡುತ್ತಾರೆ. ನಾನೂ ಬಿಟ್ಟಿದ್ದೇನೆ. ಮುಂದಿನ ವಾರದ ಪಾಠ ಯಾವುದು ಅಂತ ವಿಷಯ ಟೀಚರನ್ನು ಕೇಳಿ, ಅದನ್ನು ಮೊದಲು ಮಾಡಿ. ಆದರೆ ಯಾವಾಗಲೂ ಎರಡು ಪಾಠ ಮುಂದಿರಿ. ಮಳೆ ರಜೆ, ಕರೆಂಟ್ ಹೋಗುವುದು, ಮರ ಬಿದ್ದು ರಸ್ತೆ ಮುಚ್ಚುವುದು ಇಲ್ಲಿ ಹೊಸದಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಮೊದಲ ಮೂರು ಪಾಠ ಮುಗಿಸಿಟ್ಟರೆ ಉಸಿರಾಡಲು ಜಾಗ ಸಿಗುತ್ತದೆ.

ಟೈಪ್ ಮಾಡಲು ಕೂರುವ ಮೊದಲು ಮೂರು ಕಡೆ ನೋಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳ ಪಿಡಿಎಫ್ ಇದೆ. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ನಡೆಯುತ್ತಿದೆ, ಅಲ್ಲಿ ಸದಸ್ಯತ್ವ ಮಾಡಿಸಿ ಹುಡುಕಿ. ಬ್ರೈಲ್ ಪುಸ್ತಕಕ್ಕೆ ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ. ಸಿಕ್ಕಿದ ಪುಸ್ತಕ ಈ ವರ್ಷದ ಪಠ್ಯದ್ದೇ ಅಂತ ಪಾಠದ ಹೆಸರು ಹೋಲಿಸಿ ನೋಡಿ. ಹಳೇ ಪಠ್ಯದ ಪುಸ್ತಕ ಹಿಡಿದು ಮಗು ಕ್ಲಾಸಿನಲ್ಲಿ ಬೆಪ್ಪಾಗಿ ಕೂರಬಾರದಲ್ವಾ.

## ಹಂತ 3: ಒಂದು ಶುದ್ಧ ಮೂಲ ಫೈಲ್

ಹೆಚ್ಚಿನವರು ಸೋಲುವುದು ಇಲ್ಲೇ. ನಿಧಾನವಾಗಿ ಓದಿ.

3.1 ಮೊದಲು ಒಂದು ಸಾಲಿನ ಪರೀಕ್ಷೆ. ಪಿಡಿಎಫ್ ತೆರೆದು ಒಂದು ಸಾಲನ್ನು ಕಾಪಿ ಮಾಡಿ, ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಆಗ ಈ ಮೂರರಲ್ಲಿ ಒಂದಾಗುತ್ತದೆ.

ಕನ್ನಡ ಕನ್ನಡವಾಗಿಯೇ ಬಂದರೆ ಅದು ಯುನಿಕೋಡ್. ನೇರವಾಗಿ 3.4ಕ್ಕೆ ಹೋಗಿ.

ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆಯ ಮೇಲೆ ಗೆರೆಯಿರುವ 'ಎ'ಗಳು ಬಂದರೆ ಅದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರ. ಕಣ್ಣಿಗೆ ಕನ್ನಡದಂತೆ ಕಾಣುತ್ತದೆ, ಆದರೆ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಗುಪ್ಪೆ. ಸ್ಕ್ರೀನ್ ರೀಡರಿಗೆ ಕಣ್ಣಿಲ್ಲ, ಅದು ಒಳಗಿರುವುದನ್ನೇ ಓದುತ್ತದೆ. ಪಿಡಿಎಫ್ ಕಳಿಸಿದರೂ ಹುಡುಗ ಓದದಿರಲು ಕಾರಣ ಇದೇ.

ಸಾಲು ಸೆಲೆಕ್ಟೇ ಆಗದಿದ್ದರೆ ಅದು ಪುಟದ ಫೋಟೋ.

3.2 ನುಡಿಯಾದರೆ ಬದಲಿಸಿ. ಹಳೇ ನುಡಿ ಅಕ್ಷರವನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಎಚ್ಚರ: ಪಾಠದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ವಿಜ್ಞಾನದ ಸೂತ್ರಗಳು ಹೀಗೆಯೇ ಹಾಳಾಗುವುದು. ಅವನ್ನು ಮೊದಲೇ ಗುರುತು ಹಾಕಿಟ್ಟು, ಬದಲಾದ ಮೇಲೆ ಕೈಯಿಂದ ಟೈಪ್ ಮಾಡಿ.

3.3 ಫೋಟೋ ಆದರೆ ಅಕ್ಷರ ತೆಗೆಸಿ. ಗೂಗಲ್ ಡ್ರೈವ್‌ಗೆ ಚಿತ್ರ ಹಾಕಿ, ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಪುಟ ಚಪ್ಪಟೆಯಾಗಿರಲಿ, ನೆರಳು ಬೀಳದಿರಲಿ. ಪುಸ್ತಕದ ಬೆನ್ನಿನ ಹತ್ತಿರ ಬಾಗಿದ ಸಾಲುಗಳೇ ಜಾಸ್ತಿ ತಪ್ಪುವುದು. ಎರಡು ಕಾಲಮಿನ ಪುಟವಾದರೆ ಒಂದೊಂದು ಕಾಲಮಿಗೂ ಬೇರೆ ಫೋಟೋ ತೆಗೆಯಿರಿ. ಇಲ್ಲದಿದ್ದರೆ ಎಡಗಡೆಯ ಅರ್ಧ ಸಾಲಿಗೆ ಬಲಗಡೆಯ ಅರ್ಧ ಸಾಲು ಅಂಟಿಕೊಳ್ಳುತ್ತದೆ.

3.4 ಕಿವಿಯಿಂದ ತಿದ್ದಿ. ಕಣ್ಣಿನಿಂದ ತಿದ್ದಿದರೆ ಸಾಲದು. ಎನ್‌ವಿಡಿಎ ಹಾಕಿ ಕೇಳಿ. ಅತಿ ಸಾಮಾನ್ಯ ತಪ್ಪು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರುವುದು. ನೋಡಲು ಎರಡೂ ಒಂದೇ ದುಂಡಗೆ. ಕೇಳಿದರೆ "ಬಂದ" ಅನ್ನುವುದು "ಬ ಸೊನ್ನೆ ದ" ಆಗುತ್ತದೆ. ಫೈಂಡ್–ರಿಪ್ಲೇಸ್‌ನಲ್ಲಿ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿ. ಪುಸ್ತಕದಲ್ಲಿ ಕನ್ನಡ ಅಂಕಿಗಳೂ ಇದ್ದರೆ ಮಾತ್ರ ಒಂದೊಂದಾಗಿ ನೋಡಿ ಬದಲಿಸಿ.

ಆಮೇಲೆ ಅರ್ಕಾವತ್ತು. "ವರ್ಷ" ಹೋಗಿ "ವಷ" ಆಗಿರುತ್ತದೆ. ಒತ್ತಕ್ಷರಗಳು ಬಿಟ್ಟುಹೋಗುತ್ತವೆ, ಪ–ವ, ಮ–ಯ ಅದಲು ಬದಲಾಗುತ್ತವೆ. ಇಸವಿಗಳನ್ನು ಪುಸ್ತಕ ಎದುರಿಗಿಟ್ಟುಕೊಂಡು ಹೋಲಿಸಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡದ್ದು 1884 ಆಗಿಬಿಟ್ಟರೆ ಕಿವಿಗೂ ಗೊತ್ತಾಗುವುದಿಲ್ಲ, ಮಗು ಅದನ್ನೇ ಬಾಯಿಪಾಠ ಮಾಡುತ್ತದೆ.

ಒಂದು ಸಲ ನಾನು 40 ಪುಟ ತಿದ್ದದೆ ಹಾಗೇ ಕೊಟ್ಟೆ. ಹುಡುಗಿ ಮಾರನೇ ದಿನ "ಸರ್, ಈ ಪಾಠದಲ್ಲಿ ಇಷ್ಟೊಂದು ಸೊನ್ನೆ ಯಾಕೆ?" ಅಂತ ಕೇಳಿದಳು. ಉತ್ತರ ಕೊಡಲು ನಾಚಿಕೆಯಾಯಿತು.

ಹಕ್ಕುಸ್ವಾಮ್ಯದ ಭಯ ಕೆಲವರಿಗಿದೆ. 2012ರ ತಿದ್ದುಪಡಿಯ ನಂತರ, ಅಂಗವಿಕಲರು ಓದಲೆಂದು ಲಾಭವಿಲ್ಲದೆ ಇಂಥ ಪ್ರತಿ ಮಾಡುವುದಕ್ಕೆ ಕಾನೂನಿನಲ್ಲೇ ಅವಕಾಶವಿದೆ. ಹಾಗಂತ ಖಾಸಗಿ ಪ್ರಕಾಶನದ ಗೈಡಿನ ಫೈಲನ್ನು ಇಡೀ ಶಾಲೆಯ ಗುಂಪಿಗೆ ಹಾಕಬೇಡಿ. ಅದು ಆ ಮಗುವಿಗೆ ಮಾತ್ರ.

## ಹಂತ 4: ಫೈಲಿನಲ್ಲಿ ದಾರಿ ತೋರಿಸುವ ಗುರುತು ಹಾಕಿ

ಪಾಠದ ಹೆಸರಿಗೆ ವರ್ಡ್‌ನ ಹೆಡಿಂಗ್ 1, ಉಪಶೀರ್ಷಿಕೆಗೆ ಹೆಡಿಂಗ್ 2 ಕೊಡಿ. ಸುಮ್ನೆ ಬೋಲ್ಡ್ ಮಾಡಿದರೆ ಕಣ್ಣಿರುವವರಿಗಷ್ಟೇ ಶೀರ್ಷಿಕೆ. ಹೆಡಿಂಗ್ ಸ್ಟೈಲ್ ಇದ್ದರೆ ಎನ್‌ವಿಡಿಎ ಬಳಸುವ ಮಗು ಎಚ್ ಕೀಲಿ ಒತ್ತಿ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ವರ್ಡ್‌ನಲ್ಲಿ ಅದಕ್ಕೆ ಮೊದಲು ಎನ್‌ವಿಡಿಎಯ ಬ್ರೌಸ್ ಮೋಡ್ (ಕೀಲಿ ಒತ್ತಿದರೆ ಅಕ್ಷರ ಬೀಳದೆ ಬೇರೆ ಕಡೆಗೆ ಹಾರುವ ವ್ಯವಸ್ಥೆ) ಹಾಕಬೇಕು, ಅದನ್ನೂ ಮಗುವಿಗೆ ಕಲಿಸಿ.

ಮೂಲ ಪುಸ್ತಕದ ಪುಟಸಂಖ್ಯೆ ಹಾಕುವುದನ್ನು ಮರೆಯಬೇಡಿ. "ಪುಸ್ತಕದ ಪುಟ 34" ಅಂತ ಒಂದು ಸಾಲು ಸಾಕು. ಟೀಚರ್ "34ನೇ ಪುಟ ತೆಗೀರಿ" ಅಂದಾಗ ಈ ಮಗುವೂ ಅಲ್ಲಿಗೆ ಹೋಗಬೇಕು. ಇದೊಂದು ಸಾಲಿಲ್ಲದೆ ಒಳ್ಳೆಯ ಫೈಲುಗಳೂ ಮೂಲೆ ಸೇರಿದ್ದನ್ನು ಕಂಡಿದ್ದೇನೆ.

ಚಿತ್ರಗಳಿಗೆ ವಿವರ ಬರೆಯಿರಿ. "ಚಿತ್ರ: ಕಾಫಿ ತೋಟ" ಅಂದರೆ ಏನೂ ಹೇಳಿದಂತಲ್ಲ. ಪಾಠಕ್ಕೆ ಆ ಚಿತ್ರ ಯಾಕೆ ಬೇಕು ಅಂತ ಕೇಳಿಕೊಳ್ಳಿ. ಪಾಠ ನೆರಳಿನಲ್ಲಿ ಬೆಳೆಯುವ ಬೆಳೆಗಳ ಬಗ್ಗೆ ಇದ್ದರೆ ಹೀಗೆ: "ಎತ್ತರದ ಸಿಲ್ವರ್ ಓಕ್ ಮರಗಳಿವೆ. ಅವಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಕೆಳಗೆ ಆಳೆತ್ತರದ ಕಾಫಿ ಗಿಡಗಳು." ಬರೀ ಅಲಂಕಾರದ ಚಿತ್ರವಾದರೆ ಬಿಟ್ಟುಬಿಡಿ. ಹುಟ್ಟಿನಿಂದ ಕಾಣದ ಮಗುವಿಗೆ ಬಣ್ಣದ ವರ್ಣನೆಗಿಂತ ಗಾತ್ರ, ಜಾಗ, ಎಷ್ಟು ದೂರ ಅನ್ನುವುದು ಉಪಯೋಗ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ ಭಾಷೆ, ಮಲಯಾಳ ಆಡುವ ಮಕ್ಕಳು ನಮ್ಮಲ್ಲಿ ಜಾಸ್ತಿ. ಪಾಠದ ಕನ್ನಡವೇ ಅವರಿಗೆ ಎರಡನೇ ಮಾತು. ಚಿತ್ರದ ವಿವರವಾದರೂ ಸರಳವಾಗಿರಲಿ.

ಕೋಷ್ಟಕಗಳನ್ನು ಸಾಲುಗಳಾಗಿ ಬಿಡಿಸಿ ಬರೆಯಿರಿ. ಅಷ್ಟು ಸಾಕು.

## ಹಂತ 5: ಮಗುವಿಗೆ ಬೇಕಾದ ರೂಪಕ್ಕೆ ತನ್ನಿ

ದೊಡ್ಡಕ್ಷರ. ಜೆರಾಕ್ಸ್ ಅಂಗಡಿಗೆ ಹೋಗಿ ಎ4ನ್ನು ಎ3 ಮಾಡಿಸುವುದು ಎಲ್ಲರ ಮೊದಲ ಉಪಾಯ. 12 ಪಾಯಿಂಟಿನ ಅಕ್ಷರ ಅದರಿಂದ ಸುಮಾರು 17 ಆಗುತ್ತದೆ, ಅಷ್ಟೇ. ಬಣ್ಣದ ಚಿತ್ರಗಳು ಮಸಿ ಹಿಡಿಯುತ್ತವೆ, ಒತ್ತಕ್ಷರಗಳ ಹೊಟ್ಟೆ ತುಂಬಿಕೊಳ್ಳುತ್ತದೆ, ಹಾಳೆ ಡೆಸ್ಕಿನಲ್ಲಿ ಹಿಡಿಸುವುದಿಲ್ಲ. ಅದರ ಬದಲು ಮೂಲ ಫೈಲಿನಲ್ಲೇ ಗಾತ್ರ ಬದಲಿಸಿ ಎ4ನಲ್ಲಿ ಮುದ್ರಿಸಿ. ದೊಡ್ಡಕ್ಷರ ಬೇಕಾದ ಮಗುವಿಗೆ 18 ಪಾಯಿಂಟಿಗಿಂತ ಕಡಿಮೆ ಬೇಡ. ನೋಟೋ ಸ್ಯಾನ್ಸ್ ಕನ್ನಡದಂಥ ಒಂದೇ ದಪ್ಪದ ಅಕ್ಷರ ಆರಿಸಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ ಒಂದೂವರೆ ಇಡಿ. ಹೊಳೆಯುವ ಕಾಗದ ಬೇಡ.

ಬ್ರೈಲ್. ಕನ್ನಡ ಬ್ರೈಲ್ ಭಾರತದ ಭಾಷೆಗಳಿಗೆಂದು ಇರುವ ಭಾರತಿ ಬ್ರೈಲ್ ಪದ್ಧತಿಯಲ್ಲಿದೆ. ಒಂದು ಮಾತು ನೆನಪಿರಲಿ: ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತದೆ. ಹಲಂತದ (ಸ್ವರವಿಲ್ಲದ ವ್ಯಂಜನದ) ಗುರುತಾದ ನಾಲ್ಕನೇ ಚುಕ್ಕಿ ವ್ಯಂಜನಕ್ಕಿಂತ ಮುಂಚೆಯೇ ಬರುತ್ತದೆ. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೆ ಆರು ಸೆಲ್ (ಚುಕ್ಕಿಗಳ ಮನೆ) ಬೇಕು. ಹಾಗಾಗಿ ಮುದ್ರಿತ ಒಂದು ಪುಟ ಬ್ರೈಲಿನಲ್ಲಿ ಎರಡು ಮೂರು ಪುಟವಾಗುತ್ತದೆ. ಕಾಗದ ಅದಕ್ಕೆ ತಕ್ಕಂತೆ ತನ್ನಿ.

ಬ್ರೈಲ್ ಪ್ರಿಂಟರ್ ಇರುವವರಿಗೆ ಫೈಲ್ ಕಳಿಸುವಾಗ ಹಂತ 3ರ ಶುದ್ಧ ಫೈಲನ್ನೇ ಕಳಿಸಿ. ಸಾಫ್ಟ್‌ವೇರ್ ತಪ್ಪನ್ನು ತಿದ್ದುವುದಿಲ್ಲ, ತಪ್ಪನ್ನೂ ಚುಕ್ಕಿ ಮಾಡುತ್ತದೆ. ನಾಲ್ಕೈದು ಪುಟದ ಟಿಪ್ಪಣಿಯಾದರೆ ಪ್ರಿಂಟರಿಗೆ ಕಾಯದೆ ಸ್ಲೇಟಿನಲ್ಲೇ ಬರೆಯಬಹುದು. ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಿ, ಹಾಳೆ ತಿರುಗಿಸಿದಾಗ ಎಡದಿಂದ ಬಲಕ್ಕೆ ಓದಲು ಬರುತ್ತದೆ. ಮಗುವಿಗೆ ಬಂದರೆ ನಿಮಗೂ ಬರುತ್ತದೆ, ಒಂದು ತಿಂಗಳು ಬೇಕಷ್ಟೇ.

ಧ್ವನಿ. ಪದ್ಯ, ಹಳಗನ್ನಡ, ನಾಟಕ ಇವನ್ನು ಮನುಷ್ಯರೇ ಓದಬೇಕು. ಯಂತ್ರ ಅವುಗಳ ಲಯವನ್ನು ಕೊಂದುಬಿಡುತ್ತದೆ. ಉಳಿದ ಗದ್ಯಕ್ಕೆ ಯಂತ್ರದ ದನಿ ಸಾಕು. ರೆಕಾರ್ಡ್ ಮಾಡುವಾಗ ಇಲ್ಲಿನ ದೊಡ್ಡ ಶತ್ರು ಶೀಟಿನ ಮೇಲೆ ಬೀಳುವ ಮಳೆ. ಮಾಡಿನ ಕೆಳಗೆ ಕೂತು ರೆಕಾರ್ಡ್ ಮಾಡಿದರೆ ಪಾಠಕ್ಕಿಂತ ಮಳೆಯೇ ಜಾಸ್ತಿ ಕೇಳುತ್ತದೆ. ಆರ್‌ಸಿಸಿ ಕೋಣೆ ಹುಡುಕಿ, ಇಲ್ಲವೇ ಕಂಬಳಿ ಹೊದ್ದುಕೊಳ್ಳಿ. ನಗಬೇಡಿ, ಕೆಲಸ ಮಾಡುತ್ತದೆ.

ಮೊದಲು ಪುಸ್ತಕ, ಪಾಠ, ಪುಟ ಹೇಳಿ. ಹತ್ತು ನಿಮಿಷಕ್ಕೊಂದು ಫೈಲ್ ಮಾಡಿ, ಹೆಸರಿನ ಮುಂದೆ 01, 02 ಅಂತ ಸಂಖ್ಯೆ ಹಾಕಿ. 64 ಕೆಬಿಪಿಎಸ್ ಎಂಪಿ3 ಆದರೆ ಹತ್ತು ನಿಮಿಷಕ್ಕೆ 5 ಎಂಬಿಯೂ ಆಗುವುದಿಲ್ಲ.

ಒಂದು ಎಚ್ಚರಿಕೆ. ಚಿಕ್ಕ ತರಗತಿಯ ಮಗುವಿಗೆ ಬರೀ ಧ್ವನಿ ಕೊಟ್ಟು ಸುಮ್ಮನಾಗಬೇಡಿ. ಕೇಳಿ ಕಲಿತ ಮಗುವಿಗೆ ಕಥೆ ಗೊತ್ತಿರುತ್ತದೆ, ಕಾಗುಣಿತ ಗೊತ್ತಿರುವುದಿಲ್ಲ. ಲ–ಳ, ದ–ಧ ಬೆರಳಿಗೆ ಅಥವಾ ಕಣ್ಣಿಗೆ ಸಿಕ್ಕಿದರೇ ಕೂರುವುದು.

ಫೋನು. ಆ್ಯಂಡ್ರಾಯ್ಡ್ ಫೋನಿನಲ್ಲೇ ಇರುವ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಹಾಕಿ. ಗೂಗಲಿನ ಕನ್ನಡ ದನಿಯ ಡೇಟಾವನ್ನು ನೆಟ್‌ವರ್ಕ್ ಇರುವ ಕಡೆ ಡೌನ್‌ಲೋಡ್ ಮಾಡಿಡಿ. ಪಾಠದ ಫೈಲುಗಳನ್ನೂ ಫೋನಿನೊಳಗೇ ಇಡಿ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ನೆಟ್ ಬರುವುದಿಲ್ಲ ಅಂದುಕೊಂಡೇ ತಯಾರಿ ಮಾಡಿ. ಇನ್ನು ಟೀಚರುಗಳು ಬೋರ್ಡಿನ ಫೋಟೋ ತೆಗೆದು ಗುಂಪಿಗೆ ಹಾಕುತ್ತಾರಲ್ಲ, ಅದು ಈ ಮಗುವಿಗೆ ಖಾಲಿ ಹಾಳೆ. ಅದೇ ಐದು ಪ್ರಶ್ನೆಗಳನ್ನು ಫೋನಿನಲ್ಲಿ ಟೈಪ್ ಮಾಡಿ ಹಾಕಿದರೆ ಬೇರೇನೂ ಬೇಕಿಲ್ಲ. ಫೋನಿನ ಕನ್ನಡ ಕೀಬೋರ್ಡ್ ಬರೆಯುವುದು ಯುನಿಕೋಡನ್ನೇ. ಕೈನೋವು ಅನ್ನುವವರು ಮಾತಿನಲ್ಲಿ ಹೇಳಿ ಬರೆಸಬಹುದು.

## ಹಂತ 6: ಮುಟ್ಟಿ ನೋಡುವ ಚಿತ್ರ

ನಕ್ಷೆ ಉದಾಹರಣೆ ತೆಗೆದುಕೊಳ್ಳಿ. ಕೊಡಗಿನ ನಕ್ಷೆಯಲ್ಲಿ ತಾಲ್ಲೂಕು, ನದಿ, ಬೆಟ್ಟ, ರಸ್ತೆ ಎಲ್ಲವನ್ನೂ ಒಂದೇ ರಟ್ಟಿಗೆ ಅಂಟಿಸಿದರೆ ಬೆರಳಿಗೆ ಸಿಗುವುದು ಬರೀ ಗೊಂದಲ. ಒಂದು ರಟ್ಟಿಗೆ ಒಂದೇ ವಿಷಯ.

ನದಿಯ ರಟ್ಟು ಹೀಗೆ ಮಾಡಿ. ಜಿಲ್ಲೆಯ ಗಡಿಗೆ ತೆಳುವಾದ ದಾರ. ಕಾವೇರಿಗೆ ದಪ್ಪ ಗೋಣಿದಾರ: ತಲಕಾವೇರಿಯಿಂದ ಭಾಗಮಂಡಲ, ಅಲ್ಲಿಂದ ಕುಶಾಲನಗರದ ಕಡೆಗೆ. ಹಾರಂಗಿಗೆ ಇನ್ನೊಂದು ದಾರ, ಅದು ಕಾವೇರಿಯನ್ನು ಸೇರುವುದು ಕೂಡಿಗೆಯಲ್ಲಿ. ಊರಿನ ಹೆಸರೇ ಅರ್ಥ ಹೇಳುತ್ತದೆ, ಮಗುವಿನ ಬೆರಳು ಆ ಗಂಟಿಗೆ ಬಂದಾಗ ಅದನ್ನು ಹೇಳಿ, ಜನ್ಮದಲ್ಲಿ ಮರೆಯುವುದಿಲ್ಲ. ಎರಡು ದಾರಗಳ ನಡುವೆ ಕನಿಷ್ಠ 3 ಮಿಲಿಮೀಟರ್ ಬಿಡಿ, ಇಲ್ಲದಿದ್ದರೆ ಬೆರಳಿಗೆ ಅವು ಒಂದೇ. ಇಡೀ ನಕ್ಷೆ ಎರಡು ಅಂಗೈ ಅಗಲದೊಳಗೆ ಇರಲಿ.

ಊರುಗಳಿಗೆ ಕಾಫಿ ಬೀಜ ಅಂಟಿಸಿ. ಒಂದು ಮೈ ಚಪ್ಪಟೆಯಿರುವುದರಿಂದ ಗಟ್ಟಿಯಾಗಿ ಕೂರುತ್ತದೆ. ಒಳ್ಳೆಮೆಣಸು ಬೇಡ, ಉರುಳಿ ಬೀಳುತ್ತದೆ. ಕಾಡಿರುವ ಜಾಗಕ್ಕೆ ಉಪ್ಪುಕಾಗದ. ಫೆವಿಕಾಲ್ ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕಾಗಬಹುದು, ಹಸಿಯಿರುವಾಗ ಮಗುವಿನ ಕೈಗೆ ಕೊಟ್ಟರೆ ಕಾವೇರಿಯೇ ಜಾಗ ಬದಲಿಸುತ್ತಾಳೆ.

ರೇಖಾಗಣಿತದ ಚಿತ್ರಕ್ಕೆ ಟೈಲರ್ ಬಳಸುವ ಹಲ್ಲಿನ ಚಕ್ರ ಚೆನ್ನಾಗಿ ನಡೆಯುತ್ತದೆ. ಹಾಳೆಯ ಕೆಳಗೆ ರಬ್ಬರ್ ಶೀಟ್ ಇಟ್ಟು ಹಿಂಬದಿಯಿಂದ ಎಳೆಯಬೇಕು. ಹಿಂದಿನಿಂದ ಎಳೆಯುವಾಗ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿರಬೇಕು ಅನ್ನುವುದನ್ನು ಮರೆತರೆ ಲಂಬಕೋನ ತ್ರಿಭುಜದ ಬಲಗಡೆಯ ಮೂಲೆ ಎಡಕ್ಕೆ ಹೋಗಿರುತ್ತದೆ. ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪಿದು.

ನಿಜವಾದ ವಸ್ತು ಸಿಗುವ ಕಡೆ ಚಿತ್ರ ಮಾಡಲೇಬೇಡಿ. ಎಲೆಯ ಪಾಠಕ್ಕೆ ತೋಟಕ್ಕೆ ಕರೆದುಕೊಂಡು ಹೋಗಿ.

## ಹಂತ 7: ಮಗುವಿನ ಕೈಯಲ್ಲೇ ಪರೀಕ್ಷೆ, ಮಳೆಯಿಂದ ರಕ್ಷಣೆ

ಕೊಡುವ ಮೊದಲು ಎರಡು ಪುಟ ಮಗುವಿನ ಕೈಗಿಟ್ಟು ಸುಮ್ಮನೆ ಕೂತು ನೋಡಿ. ಸಹಾಯ ಮಾಡಬೇಡಿ. "ಚೆನ್ನಾಗಿದೆಯಾ?" ಅಂತಲೂ ಕೇಳಬೇಡಿ, ಮಕ್ಕಳು ಹೌದು ಅಂದುಬಿಡುತ್ತಾರೆ. "34ನೇ ಪುಟಕ್ಕೆ ಹೋಗು, ಎರಡನೇ ಪ್ರಶ್ನೆ ಓದು" ಅನ್ನಿ. ಹೋಗಲು ಆಗದಿದ್ದರೆ ಹಂತ 4ಕ್ಕೆ ವಾಪಸ್. ಪಕ್ಕದ ಹುಡುಗನನ್ನು ಕೇಳಲು ಶುರು ಮಾಡಿದರೆ, ಪುಸ್ತಕ ಚೀಲದಿಂದ ಹೊರಗೇ ಬರದಿದ್ದರೆ, ನಿಮ್ಮ ಸಾಮಗ್ರಿ ಸರಿಯಿಲ್ಲ ಅಂತ ತಿಳಿಯಿರಿ.

ಬ್ರೈಲ್ ಹಾಳೆಗೆ ಇಲ್ಲಿನ ತೇವ ಆಗಿಬರುವುದಿಲ್ಲ. ಶೀತ ಹಿಡಿದ ಕಾಗದ ಮೆತ್ತಗಾಗಿ ಚುಕ್ಕಿ ಕುಸಿಯುತ್ತದೆ. ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿಡಿ. ಗೋಡೆಗೆ ತಾಗಿಸಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ಮಳೆಗಾಲ ದಾಟುತ್ತದೆ. ಕಾಫಿ ಬೀಜ ಅಂಟಿಸಿದ ನಕ್ಷೆಗೆ ಬೂಷ್ಟು ಬರುತ್ತದೆ, ವರ್ಷಕ್ಕೊಂದು ಹೊಸದು ಮಾಡುವುದೇ ಸುಲಭ.

## ಹಂತ 8: ಪರೀಕ್ಷೆ ಮತ್ತು ಮುಂದಿನ ತರಗತಿ

ಮಗು ವರ್ಷವೆಲ್ಲ ಯಾವ ರೂಪದಲ್ಲಿ ಓದಿತೋ ಪ್ರಶ್ನೆಪತ್ರಿಕೆಯೂ ಅದೇ ರೂಪದಲ್ಲಿರಲಿ. ಕಿರುಪರೀಕ್ಷೆಯಿಂದಲೇ ಶುರು ಮಾಡಿ. ಬರೆಯುವವರ ಸಹಾಯ ಬೇಕಾದರೆ ಎಸ್‌ಎಸ್‌ಎಲ್‌ಸಿಗೆ ಮೊದಲೇ ಅವರ ಜೊತೆ ಅಭ್ಯಾಸ ಮಾಡಿಸಿ. ಹೇಳಿ ಬರೆಸುವುದು ಬೇರೆಯೇ ವಿದ್ಯೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಅಂತಿದೆ. ಅರ್ಜಿಯನ್ನು ಶಾಲೆಯ ಮೂಲಕ ಬೇಗ ಕಳಿಸಿ.

7ನೇ ತರಗತಿ ಮುಗಿಸಿ ಮಗು ಬೇರೆ ಹೈಸ್ಕೂಲಿಗೆ ಹೋಗುತ್ತದೆ. ಆಗ ಮಾಡಿದ ಫೈಲುಗಳೆಲ್ಲ ಹಳೇ ಶಾಲೆಯ ಕಂಪ್ಯೂಟರಿನಲ್ಲೇ ಉಳಿದು, ಅದು ಕೆಟ್ಟಾಗ ಹೋಗಿಬಿಡುತ್ತವೆ. ಎರಡು ಪೆನ್‌ಡ್ರೈವ್ ಮಾಡಿ. ಯಾವ ಅಕ್ಷರದ ಗಾತ್ರ, ಎಷ್ಟು ಬೆಳಕು, ಎಲ್ಲಿ ಕೂರಬೇಕು ಅಂತ ಒಂದು ಪುಟ ಬರೆದು ಅದರಲ್ಲೇ ಹಾಕಿ. ಒಂದನ್ನು ಹೊಸ ಶಾಲೆಯ ಟೀಚರಿಗೆ ಕೊಡಿ, ಇನ್ನೊಂದು ಮಗುವಿನ ಮನೆಯಲ್ಲೇ ಇರಲಿ.